ಏನ್ ಪಸಂದಾಗದೆ!

ಪೇಟೆಯ ಕನ್ನಡದಿಂದ ‘ಪಸಂದು’ ಹೆಚ್ಚುಕಡಿಮೆ ಎದ್ದು ಹೋಗಿದೆ. ಅಲ್ಲಿ ಯಾರಾದರೂ ಆ ಮಾತನ್ನು ಆಡಿದರೂ ನಾಟಕದಲ್ಲಿ ಹಳ್ಳಿಗನ ಪಾತ್ರ ಹಾಕಿದವರ ಹಾಗೆ ಸ್ವಲ್ಪ ಸ್ವರ ಎಳೆದು, ಸ್ವಲ್ಪ ನಗು ಬೆರೆಸಿ ಆಡುತ್ತಾರೆ. ನಮ್ಮ ಕಡೆ ಹಾಗಲ್ಲ. ನಮ್ಮ ಕಡೆ ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಪಾಂಡವಪುರ ಉಪವಿಭಾಗಕ್ಕೆ ಸೇರಿದ ನಾಲ್ಕು. ಇಲ್ಲಿ ಪಸಂದು ಇನ್ನೂ ದುಡಿಯುವ ಮಾತು. ಬೀಗರೂಟದ ಪಂಕ್ತಿಯಲ್ಲಿ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ಪಕ್ಕದ ಎಲೆಯವನ ಕಡೆ ತಿರುಗಿ ‘ಏನ್ ಪಸಂದಾಗದೆ ಕಣಪ್ಪ ಸಾರು!’ ಅನ್ನುವವರು ಯಾವ ಪಾತ್ರವನ್ನೂ ಹಾಕಿರುವುದಿಲ್ಲ. ನಾಗಮಂಗಲ ದಾಟಿ ಬೆಳ್ಳೂರಿನ ಕಡೆ ಹೋದರೆ ತುಮಕೂರಿನ ಗಾಳಿ ಬೀಸಿ ‘ಅದೆ’ ಹೋಗಿ ‘ಐತೆ’ ಬರುತ್ತದೆ. ಪಸಂದು ಮಾತ್ರ ಅಲ್ಲಿಯೂ ಪಸಂದೇ.

ಈ ಮಾತು ನಿಂತಿರುವ ಎತ್ತರ ತಿಳಿಯಬೇಕಾದರೆ ಕೆಳಗಿನ ಮೆಟ್ಟಿಲುಗಳನ್ನೂ ನೋಡಬೇಕು. ನಮ್ಮವರ ಹೊಗಳಿಕೆ ‘ಪರ್ವಾಗಿಲ್ಲ’ದಿಂದ ಶುರುವಾಗುತ್ತದೆ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಹೊರಗಿನವರು ಇದನ್ನು ‘ಅಂಥ ಕೆಟ್ಟದ್ದೇನಲ್ಲ’ ಎಂದು ತಿಳಿದುಕೊಂಡು ನೊಂದುಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದ ಹೊಸ ಸೊಸೆ ಮೊದಲ ದಿನ ಹುಳಿ ಮಾಡಿ, ಅತ್ತೆಯ ಬಾಯಿಂದ ‘ಪರ್ವಾಗಿಲ್ಲ ಕಣವ್ವ’ ಕೇಳಿ, ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರೆ ಅತ್ತೆಗೆ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಆಕೆ ತನ್ನ ಕೈಲಿದ್ದುದರಲ್ಲಿ ದೊಡ್ಡ ಸರ್ಟಿಫಿಕೇಟನ್ನೇ ಕೊಟ್ಟಿರುತ್ತಾಳೆ. ಅದರ ಮೇಲೆ ‘ಚೆನ್ನಾಗದೆ’. ಇನ್ನೂ ಒಂದು ಮೆಟ್ಟಿಲು ಮೇಲೆ ‘ವೈನಾಗದೆ’. ವೈನವೂ ನಮ್ಮ ಹಳ್ಳಿಗಳಲ್ಲಿ ಬದುಕಿರುವ ಒಳ್ಳೆಯ ಮಾತು. ಬದು ಹಾಕಿದವನು ವೈನಾಗಿ ಹಾಕಿರುತ್ತಾನೆ, ಸೀರೆ ಉಟ್ಟವಳು ವೈನಾಗಿ ಉಟ್ಟಿರುತ್ತಾಳೆ, ಲೆಕ್ಕ ಬರೆದವನು ವೈನಾಗಿ ಬರೆದಿರುತ್ತಾನೆ. ಓರೆಕೋರೆ ಇಲ್ಲದ, ಅಚ್ಚುಕಟ್ಟಾದ ಕೆಲಸಕ್ಕೆ ಸಲ್ಲುವ ಮಾತು ಅದು. (ನಾಲೆ ಸೀಮೆಯಲ್ಲಿ ‘ಅಚ್ಚುಕಟ್ಟು’ ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಜಮೀನು ಅಂತಲೂ ಅರ್ಥ. ನೀರು ಬಂದರೆ ತಾನೇ ಉಳಿದ ಅಚ್ಚುಕಟ್ಟು.) ಪಸಂದು ಇದೆಲ್ಲದರ ಮೇಲಿನದು. ಅದರಲ್ಲಿ ಅಚ್ಚುಕಟ್ಟು ಇರಲೇಬೇಕೆಂದೇನಿಲ್ಲ, ಸುಖ ಇರಬೇಕು. ಕೈಗೆ ಎಣ್ಣೆ ಅಂಟಿ, ಮೂಗಲ್ಲಿ ನೀರು ಸುರಿದು, ಪಂಚೆಯ ಮೇಲೆ ಸಾರು ಬಿದ್ದರೂ ಊಟ ಪಸಂದಾಗಿರಬಹುದು.

ಇದನ್ನು ಬಾಯಿತುಂಬ ಆಡುವವನು ಯಾವಾಗಲೂ ಉಂಡವನು, ಉಟ್ಟವನು, ಹೂಡಿದವನು. ಮಾರುವವನು ಈ ಮಾತನ್ನು ಮುಟ್ಟುವುದಿಲ್ಲ. ಸಂತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ‘ಎ ಒನ್ ಮಾಲು ಸ್ವಾಮಿ’, ‘ಫಸ್ಟ್ ಕ್ವಾಲಿಟಿ ಅಕ್ಕ, ಮುಟ್ಟಿ ನೋಡಿ’, ‘ನಂಬರ್ ಒನ್ ಬೀಜ, ಕಂಪನಿದು’ ಎಂಬ ಕೂಗುಗಳ ನಡುವೆ ‘ಪಸಂದಾದ ಬದನೆಕಾಯಿ’ ಎಂದು ಕೂಗುವ ಒಬ್ಬನನ್ನೂ ನಾನು ಕಂಡಿಲ್ಲ. ಕೂಗಿದರೆ ಜನ ನಗುತ್ತಾರೆ. ಅದನ್ನು ಹೇಳಬೇಕಾದವನು ನೀನಲ್ಲ, ನಾಳೆ ಎಣ್ಣೆಗಾಯಿ ತಿಂದವನು ಎಂದು. ಮಾರುವವನ ಮಾತು ಕೊಳ್ಳುವುದಕ್ಕೆ ಮುಂಚಿನದು, ಉಣ್ಣುವವನ ಮಾತು ಆಮೇಲಿನದು. ನಮ್ಮ ನಾಲ್ಕು ತಾಲ್ಲೂಕುಗಳ ವ್ಯವಸಾಯದ ಅರ್ಧ ಸಂಕಟ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಭತ್ತವನ್ನೇ ತೆಗೆದುಕೊಳ್ಳಿ. ಸರ್ಕಾರ ಬೆಂಬಲ ಬೆಲೆಗೆ ಭತ್ತ ಕೊಳ್ಳುವಾಗ ಎರಡು ದರ್ಜೆ ಮಾಡುತ್ತದೆ, ಸಾಮಾನ್ಯ ಮತ್ತು ಎ. 2025–26ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಎ ದರ್ಜೆಗೆ 2,389. ವ್ಯತ್ಯಾಸ 20 ರೂಪಾಯಿ. 2018–19ರಲ್ಲಿ ಬೆಲೆ 1,750 ಮತ್ತು 1,770 ಇದ್ದಾಗಲೂ ವ್ಯತ್ಯಾಸ 20 ರೂಪಾಯಿಯೇ. ಅಷ್ಟು ವರ್ಷಗಳಲ್ಲಿ ಗೊಬ್ಬರ, ಕೂಲಿ, ಡೀಸೆಲ್ ಎಲ್ಲಾ ಏರಿವೆ, ಭತ್ತದ ಬೆಲೆಯೂ ಏರಿದೆ. ಉತ್ತಮ ಎನಿಸಿಕೊಳ್ಳುವುದರ ಬೆಲೆ ಮಾತ್ರ ಕಿಲೋಗೆ 20 ಪೈಸೆಯಲ್ಲೇ ಕೂತಿದೆ. 20 ಪೈಸೆಯ ನಾಣ್ಯವನ್ನು ನಮ್ಮ ಮಕ್ಕಳು ನೋಡಿಯೂ ಇಲ್ಲ. ಹೋಗಲಿ, ಆ ‘ಎ’ ಬರುವುದಾದರೂ ಯಾತರಿಂದ? ಕಾಳಿನ ಉದ್ದ ಅಗಲಗಳ ಲೆಕ್ಕದಿಂದ. ಉದ್ದವು ಅಗಲದ ಎರಡೂವರೆ ಪಟ್ಟಿಗೆ ಕಡಿಮೆ ಇಲ್ಲದಿದ್ದರೆ ಎ, ಇದ್ದರೆ ಸಾಮಾನ್ಯ. ಅಂದರೆ ತೆಳ್ಳಗೆ ಬೆಳ್ಳಗೆ ಇದ್ದವರಿಗೆ ಒಳ್ಳೆಯ ಸಂಬಂಧ ಬರುತ್ತದೆ ಎಂಬ ಮದುವೆ ದಲ್ಲಾಳಿಯ ನ್ಯಾಯವೇ ಇಲ್ಲಿಯೂ ನಡೆಯುತ್ತದೆ. ಅನ್ನ ಹೇಗಿರುತ್ತದೆ, ಬಾಯಿಗೆ ಹೇಗೆ, ರಾತ್ರಿ ಮಿಕ್ಕದ್ದು ಬೆಳಿಗ್ಗೆ ಚಿತ್ರಾನ್ನಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಖರೀದಿ ಕೇಂದ್ರದ ಅರ್ಜಿಯಲ್ಲಿ ಕಾಲಂ ಇಲ್ಲ.

ರೈತನಿಗೆ ಇದು ಗೊತ್ತು. ಆದ್ದರಿಂದಲೇ ಗದ್ದೆಯಲ್ಲಿ ಮಾರುವ ಭತ್ತ ಒಂದು, ಮನೆಗೆ ಅಂತ ಮೂಲೆಯಲ್ಲಿ ಹಾಕಿಕೊಳ್ಳುವ ಭತ್ತ ಇನ್ನೊಂದು. ರಾಜಮುಡಿಯಂಥ ಹಳೆಯ ತಳಿಯನ್ನು ಒಂದಿಷ್ಟು ಗುಂಟೆಯಲ್ಲಿ ಉಳಿಸಿಕೊಂಡವರನ್ನು ಕೇಳಿ ನೋಡಿ, ಇಳುವರಿಯ ಮಾತೇ ಎತ್ತುವುದಿಲ್ಲ. ‘ಅನ್ನ ಪಸಂದಾಗಿರ್ತದೆ ಬುದ್ಧಿ’ ಅನ್ನುತ್ತಾರೆ. ರಾಜಮುಡಿ ಎಂಬ ಹೆಸರೂ ದೊಡ್ಡದೇ. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು ಮೇಲುಕೋಟೆಯ ಚೆಲುವನಾರಾಯಣನಿಗೆ ಒಪ್ಪಿಸಿದ ಕಿರೀಟ ರಾಜಮುಡಿ. ಕಿರೀಟ ಖಜಾನೆಯಿಂದ ಉತ್ಸವ ಬಂದಾಗ ಹೊರಬರುತ್ತದೆ, ಅಕ್ಕಿ ನೆಂಟರು ಬಂದಾಗ.

ರಾಗಿಯ ಕಥೆ ಇನ್ನೂ ತಮಾಷೆ. ನಾಗಮಂಗಲದ ಕೆಂಪು ನೆಲದಲ್ಲಿ, ಮಳೆಯನ್ನೇ ನಂಬಿ ಬೆಳೆಯುವ ರಾಗಿಗೆ ದರ್ಜೆ ಗಿರ್ಜೆ ಏನೂ ಇಲ್ಲ. 2025–26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ, ಭತ್ತದ ಎರಡರಷ್ಟಕ್ಕಿಂತ ಹೆಚ್ಚು. ನಾಲೆ ಸೀಮೆಯವರು ತುಂಬ ವರ್ಷ ‘ರಾಗಿ ತಿನ್ನೋರು’ ಎಂದು ಆಡಿಕೊಂಡಿದ್ದಕ್ಕೆ ನಾಗಮಂಗಲದವರು ಈಗ ಬಡ್ಡಿ ಸಮೇತ ತೀರಿಸಿಕೊಳ್ಳಬಹುದು. ಖರೀದಿಯ ಕಾಗದದಲ್ಲಿ ಮಾತ್ರ ಬರೆದಿರುವುದು ಎಫ್‌ಎಕ್ಯೂ, ಅಂದರೆ ‘ಯೋಗ್ಯ ಸರಾಸರಿ ಗುಣಮಟ್ಟ’. ಉಪ್ಸಾರಿನ ಖಾರ ತಟ್ಟೆಯ ಅಂಚಿಗೆ ಹಚ್ಚಿ, ಹಬೆಯಾಡುವ ಮುದ್ದೆಗೆ ಬೆರಳು ಹಾಕಿ, ‘ಆಹಾ, ಎಂಥ ಯೋಗ್ಯ ಸರಾಸರಿ’ ಎಂದವನು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹಾಲಿನದೂ ಹೀಗೆಯೇ. ಊರಿನ ಡೈರಿಯಲ್ಲಿ ಹಾಲಿಗೆ ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ. ಮನೆಯ ಮಗನಿಗೆ ಡಿಗ್ರಿ ಬಂದಿಲ್ಲ, ಹಸುವಿಗೆ ಬಂದಿದೆ ಎಂಬ ಚೇಷ್ಟೆ ಬೆಳಗಿನ ಸಾಲಿನಲ್ಲಿ ಎಲ್ಲ ಊರುಗಳಲ್ಲೂ ಓಡಾಡುತ್ತಿರುತ್ತದೆ.

ಬೆಲ್ಲದ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. ಪಾಂಡವಪುರದ ಸುತ್ತ ಆಲೆಮನೆಗಳ ಹೊಗೆ ಕಂಡು ಬೆಳೆದವರಿಗೆಲ್ಲ ಬೆಲ್ಲ ಬರಿಯ ತಿಂಡಿಯಲ್ಲ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು, ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಸೌದೆಯಾಗಿ, ಸುಣ್ಣ ಬಿದ್ದು, ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಬಿದ್ದು, ಕೊಳೆಯೆಲ್ಲಾ ಮೇಲೆ ಬಂದು, ಅದನ್ನು ಬಳಿದು ಹಾಕುತ್ತಾ ಹಾಕುತ್ತಾ ಪಾಕ ಗಟ್ಟಿಯಾಗುತ್ತದೆ. ಇಳಿಸುವ ಹೊತ್ತು ಗಡಿಯಾರಕ್ಕೆ ತಿಳಿಯುವುದಿಲ್ಲ. ಪಾಕ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ‘ಎತ್ರಪ್ಪಾ’ ಅಂದರೆ ಎತ್ತಬೇಕು. ಒಂದು ನಿಮಿಷ ಮುಂಚೆ ಎತ್ತಿದರೆ ಬೆಲ್ಲ ನೀರಾಗುತ್ತದೆ, ಒಂದು ನಿಮಿಷ ತಡವಾದರೆ ಸೀದು ಕಹಿ ತಗಲುತ್ತದೆ. ಇಷ್ಟೆಲ್ಲಾ ಆದ ಮೇಲೆ ಅದು ಅಚ್ಚು ಬೆಲ್ಲ, ಕುರಿಕಾಲು ಅಚ್ಚು, ಬಕೆಟ್ ಬೆಲ್ಲ ಎಂಬ ರೂಪಗಳಲ್ಲಿ ಮಂಡ್ಯದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಅದನ್ನು ಅಳೆಯುವುದು ಬಣ್ಣದಿಂದ. ಹಳದಿಗೆ, ಬಿಳುಪಿಗೆ ಒಂದು ಬೆಲೆ, ಕಪ್ಪಗಿದ್ದದ್ದಕ್ಕೆ ಇನ್ನೊಂದು. ಬಣ್ಣಕ್ಕೆ ಬೆಲೆ ಬಂದ ಮೇಲೆ ಬಣ್ಣ ತರುವ ಪುಡಿ ಬರದೆ ಇರುತ್ತದೆಯೇ? ಆಲೆಮನೆಯವರು ‘ಹೈಡ್ರೋಸ್’ ಅನ್ನುವ ಸೋಡಿಯಂ ಹೈಡ್ರೋಸಲ್ಫೈಟು ಹೀಗೆ ಕೊಪ್ಪರಿಗೆಗೆ ಇಳಿಯಿತು. ಚಿನ್ನದ ಬಣ್ಣದ ‘ಫಸ್ಟ್ ಕ್ವಾಲಿಟಿ’ ಲಾರಿ ಹತ್ತಿತು. ಪುಡಿ ಹಾಕದ, ಕಂದು ಬಣ್ಣದ ನಾಲ್ಕು ಅಚ್ಚು ಮನೆಗೆ ಬಂದವು; ಒಬ್ಬಟ್ಟಿಗೂ ಪಾಯಸಕ್ಕೂ ಅವೇ. ‘ಪಸಂದಾಗಿರೋ ಬೆಲ್ಲ ಮನೇಲದೆ, ತೋರ್ಸೋ ಬೆಲ್ಲ ಮಾರ್ಕೆಟ್ಗೆ ಹೋಯ್ತದೆ’ ಎಂದು ಆಲೆಮನೆಯವರೇ ನಗುತ್ತಾ ಹೇಳುವುದನ್ನು ಕೇಳಿದ್ದೇನೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಅದೇ ಕಂದು ಬೆಲ್ಲ ‘ಸಾವಯವ’ ಎಂಬ ಚೀಟಿ ಹಚ್ಚಿಕೊಂಡು ಹಳದಿ ಬೆಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಕೂತಿದೆ. ನಾಲಿಗೆ ಹೇಳಿದ್ದನ್ನು ಪೇಟೆ ಒಪ್ಪಿಕೊಳ್ಳುವುದಕ್ಕೆ ಇಷ್ಟು ಕಾಲ ಹಿಡಿಯಿತು. ಒಪ್ಪಿಕೊಂಡದ್ದೂ ನಾಲಿಗೆಯ ಮಾತಿನಿಂದಲ್ಲ, ಡಾಕ್ಟರ ಮಾತಿನಿಂದ.

ಕೊಳ್ಳುವವನು ಕೂಡ ಪಸಂದು ಅನ್ನದ ಜಾಗ ಒಂದಿದೆ, ದನಗಳ ಜಾತ್ರೆ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಹಳ್ಳಿಕಾರ್ ಎತ್ತುಗಳು ಸಾಲುಗಟ್ಟಿ ನಿಂತಿರುವುದನ್ನು ನೋಡಿದವರಿಗೆ ಗೊತ್ತು. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಕೆಲವಕ್ಕೆ ಚಪ್ಪರ, ಚಪ್ಪರಕ್ಕೆ ಸೀರಿಯಲ್ ಲೈಟು. ಹೋರಿ ಒಮ್ಮೆ ತಲೆ ಎತ್ತಿ ನೋಡಿದರೆ ನೋಡುವವನ ಎದೆ ಝಲ್ಲೆನ್ನಬೇಕು. ಆದರೆ ಕೊಳ್ಳಲು ಬಂದವನ ಮುಖ ನೋಡಿ, ಅಲ್ಲಿ ಏನೂ ಇರುವುದಿಲ್ಲ. ಅವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಬಾಲ ಎತ್ತುತ್ತಾನೆ, ಬೆನ್ನ ಮೇಲಿನ ಸುಳಿ ಹುಡುಕಿ ‘ಸುಳಿ ಸರಿ ಇಲ್ವಲ್ಲ’ ಅನ್ನುತ್ತಾನೆ. ಮುಂಗಾಲು ನೋಡಿ ನಿಟ್ಟುಸಿರು ಬಿಡುತ್ತಾನೆ, ಸತ್ತವರ ಮನೆಗೆ ಬಂದಂತೆ. ಆಮೇಲೆ ದಲ್ಲಾಳಿಯ ಕೈ ಟವೆಲ್ಲಿನ ಕೆಳಗೆ ಹೋಗುತ್ತದೆ, ಬೆರಳುಗಳು ಬೆರಳುಗಳನ್ನು ಹಿಡಿದು ಸಾವಿರ ಲಕ್ಷಗಳನ್ನು ಹೇಳುತ್ತವೆ, ಸುತ್ತ ನಿಂತವರಿಗೆ ಒಂದಕ್ಷರ ತಿಳಿಯದು. ವ್ಯಾಪಾರ ಕುದುರಿ, ಹಣ ಎಣಿಸಿ, ಹಗ್ಗ ಕೈ ಬದಲಾಗಿ, ಎತ್ತುಗಳನ್ನು ಹೊಡೆದುಕೊಂಡು ಜಾತ್ರೆಯ ಮಾಳದಿಂದ ಸಾಕಷ್ಟು ದೂರ ಬಂದ ಮೇಲೆ, ಹೆಗಲ ಮೇಲೆ ಕೈ ಇಟ್ಟು ಜೊತೆಗಾರನಿಗೆ ಹೇಳುತ್ತಾನೆ: ‘ಜೊತೆ ಏನ್ ಪಸಂದಾಗದೆ ಅಲ್ವೇನ್ಲಾ!’ ಮಾರಿದವನಿಗೆ ಈ ಮಾತು ಎಂದೂ ಕೇಳಿಸುವುದಿಲ್ಲ. ಕೇಳಿಸಿದ್ದರೆ ಐದು ಸಾವಿರ ಹೆಚ್ಚು ಕೇಳುತ್ತಿದ್ದ.

ದನದ ಮಾತು ಬಂದಾಗ ಶ್ರೀರಂಗಪಟ್ಟಣವನ್ನು ನೆನೆಯದೆ ಇರಲಾಗದು. ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಅದನ್ನು ‘ಅಮೃತ ಮಹಲ್’ ಮಾಡಿದ. ಬೆಣ್ಣೆ ಅಮೃತವಾಯಿತು, ಚಾವಡಿ ಮಹಲಾಯಿತು. ಅದೇ ದನ, ಅದೇ ಹುಲ್ಲು, ಹೆಸರಿಗೆ ಮಾತ್ರ ಬಡ್ತಿ. ಅಂಗಡಿಯ ಹೆಸರಿಗೆ ‘ಗ್ರ್ಯಾಂಡ್’ ಸೇರಿಸುವ ಇವತ್ತಿನ ಹೋಟೆಲಿನವರು ಹೊಸದೇನನ್ನೂ ಕಂಡುಹಿಡಿದಿಲ್ಲ.

ಪಸಂದೂ ಮಹಲಿನಂಥದೇ ಪರದೇಶದ ಮಾತು, ಫಾರಸಿಯದು. ಟಿಪ್ಪುವಿನ ಜೊತೆಗೇ ಬಂದಿತು ಎಂದು ಬರೆದುಬಿಟ್ಟರೆ ಲೇಖನಕ್ಕೆ ಸೊಗಸು, ಆದರೆ ಇಂಥ ಮಾತುಗಳು ಹಾಗೆ ಒಂದೇ ಬಾಗಿಲಿನಿಂದ ಬಂದವಲ್ಲ. ಬಿಜಾಪುರದ ಆದಿಲ್‌ಶಾಹಿ ದಂಡು, ಶಿರಾದಲ್ಲಿ ಕೂತ ಮೊಗಲ್ ಸುಬೇದಾರರು, ಮರಾಠರ ದಫ್ತರು, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಫಾರಸಿ ಕಚೇರಿ, ಹೀಗೆ ಎಲ್ಲ ದಿಕ್ಕಿನಿಂದಲೂ ಆ ಭಾಷೆ ನಮ್ಮ ಹೊಲಗದ್ದೆಗೆ ನುಗ್ಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಫಾರಸಿ ಬೀಳಲಿಲ್ಲ. ನಮ್ಮ ಪಹಣಿ ಪತ್ರ ಹಿಡಿದು ನೋಡಿ: ಶ್ರೀರಂಗಪಟ್ಟಣದ ಗದ್ದೆ ‘ತರಿ’, ನಾಗಮಂಗಲದ ಹೊಲ ‘ಖುಷ್ಕಿ’. ಫಾರಸಿಯಲ್ಲಿ ‘ತರ್’ ಅಂದರೆ ಒದ್ದೆ, ‘ಖುಷ್ಕ್’ ಅಂದರೆ ಒಣ. ಜಮೀನು, ಫಸಲು, ತಾಲ್ಲೂಕು, ಜಿಲ್ಲೆ, ದರ್ಖಾಸ್ತು, ಖರಾಬು, ಎಲ್ಲವೂ ಅದೇ ದಾರಿಯವು. ಕಂದಾಯ ಕೇಳುವ ಭಾಷೆಯನ್ನೇ ಊಟ ಹೊಗಳುವುದಕ್ಕೂ ತಂದುಕೊಂಡ ನಮ್ಮ ಹಿರಿಯರ ಉದಾರತನಕ್ಕೆ ಕೈ ಮುಗಿಯಬೇಕು.

ತಂದುಕೊಂಡವರು ಹಾಗೇ ಬಿಡಲಿಲ್ಲ. ಫಾರಸಿಯಲ್ಲಿ, ಉರ್ದು ಹಿಂದಿಗಳಲ್ಲಿ ಪಸಂದ್ ಅಂದರೆ ಇಷ್ಟ, ಮೆಚ್ಚಿಗೆ. ಅಲ್ಲಿ ಅದಕ್ಕೆ ಯಾವಾಗಲೂ ಒಬ್ಬ ಯಜಮಾನ ಬೇಕು. ನನಗೆ ಪಸಂದ್, ನಿನಗೆ ಪಸಂದ್. ಇಮಾಮ್ ಪಸಂದ್ ಮಾವಿನಹಣ್ಣಿನ ಹೆಸರಿನಲ್ಲಿ ಈಗಲೂ ಹಾಗೇ ಇದೆ, ಇಮಾಮನಿಗೆ ಮೆಚ್ಚಿಗೆಯಾದದ್ದು ಅಂತ. ಇಮಾಮನಿಗೆ ಇಷ್ಟವಾದದ್ದು ನನಗೆ ಇಷ್ಟವಾಗಬೇಕಾಗಿಲ್ಲ, ಜಗಳವೂ ಇಲ್ಲ. ನಮ್ಮವರು ಆ ಯಜಮಾನನನ್ನು ಕಿತ್ತುಹಾಕಿದರು. ಸಾರು ಪಸಂದಾಗದೆ ಅಂದರೆ ನನಗೆ ಹಿಡಿಸಿತು ಎಂದಲ್ಲ. ಪಸಂದು ಸಾರಿನ ಗುಣ, ಉಪ್ಪು ಹುಳಿ ಇದ್ದ ಹಾಗೆ ಅದರೊಳಗೇ ಇದೆ. ನಿನಗೆ ಹಿಡಿಸಲಿಲ್ಲ ಅಂದರೆ ತೊಂದರೆ ನಿನ್ನ ನಾಲಿಗೆಯದು. ಈ ಮಾತಿನ ದಿಟ್ಟತನ ನನಗೆ ಹಿಡಿಸುವುದು ಇಲ್ಲಿಯೇ. ‘ನನ್ನ ಅಭಿಪ್ರಾಯದಲ್ಲಿ’ ಎಂದು ಶುರುಮಾಡುವ ಪೇಟೆಯ ನಯ ಇದಕ್ಕೆ ಗೊತ್ತಿಲ್ಲ.

ಆಶ್ಚರ್ಯವೆಂದರೆ ಪಸಂದಿನ ಬಳಗವೇ ಫಾರಸಿಯದು. ಭೇಷ್, ಶಹಬ್ಬಾಸ್, ಜಬರ್ದಸ್ತ್. ಹಳೆಯದಾಯಿತೆಂದು ಇವನ್ನು ಬಿಟ್ಟ ಬೆಂಗಳೂರಿನ ಹುಡುಗರು ಹಿಡಿದುಕೊಂಡ ‘ಸಖತ್’ ಮತ್ತು ‘ಮಸ್ತ್’ ಕೂಡ ಫಾರಸಿಯೇ. ಅಲ್ಲಿ ಒಂದಕ್ಕೆ ಗಡಸು ಎಂಬ ಅರ್ಥ, ಇನ್ನೊಂದಕ್ಕೆ ಅಮಲೇರಿದ್ದು ಎಂಬ ಅರ್ಥ. ನಮ್ಮ ಬಡಪಾಯಿ ‘ಪರ್ವಾಗಿಲ್ಲ’ದ ತಲೆಯಲ್ಲಿ ಇರುವುದೂ ಫಾರಸಿಯ ಪರ್ವಾ, ಬಾಲದಲ್ಲಿ ಮಾತ್ರ ಕನ್ನಡದ ಇಲ್ಲ. ಫಾರಸಿ ಸಾಲದಾದಾಗ ಇಂಗ್ಲಿಷಿನ ಮನೆಗೆ ಹೋದೆವು. 1880ರ ದಶಕದಲ್ಲಿ ಬೆಂಗಳೂರು–ಮೈಸೂರು ರೈಲು ಶ್ರೀರಂಗಪಟ್ಟಣದ ದ್ವೀಪ ದಾಟಿ ಓಡತೊಡಗಿತು. ಪಾಂಡವಪುರ ಆಗ ಫ್ರೆಂಚ್ ರಾಕ್ಸ್, ಹೈದರ್ ಟಿಪ್ಪುವಿನ ದಂಡಿನ ಫ್ರೆಂಚರು ಬೀಡುಬಿಟ್ಟಿದ್ದ ಬಂಡೆಗಳ ಊರು. ಆ ರೈಲಿನ ಫಸ್ಟ್ ಕ್ಲಾಸ್ ಡಬ್ಬಿಯೊಳಗೆ ನಮ್ಮ ಹಳ್ಳಿಯವರು ಕಾಲಿಟ್ಟದ್ದು ಕಡಿಮೆ. ಡಬ್ಬಿ ಸಿಗದಿದ್ದರೇನು, ಮಾತು ಸಿಕ್ಕಿತು. ಕಾಫಿ ಫಸ್ಟ್‌ಕ್ಲಾಸು, ಮಳೆ ಫಸ್ಟ್‌ಕ್ಲಾಸು, ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗ ತೊಟ್ಟ ಅಂಗಿಯೂ ಫಸ್ಟ್‌ಕ್ಲಾಸು.

ಹೊಗಳುವುದಕ್ಕೆ ಇಷ್ಟು ಸಾಲ ಮಾಡಿದ ಜನ ಬೈಯುವುದಕ್ಕೆ ಯಾರ ಮನೆಗೂ ಹೋಗಿಲ್ಲ. ಮಂಡ್ಯ ಸೀಮೆಯ ಬೈಗುಳಗಳನ್ನು ಅಚ್ಚು ಹಾಕಲು ಸಂಪಾದಕರು ಒಪ್ಪುವುದಿಲ್ಲವಾದ್ದರಿಂದ ಉದಾಹರಣೆ ಕೊಡಲಾರೆ. ಬಲ್ಲವರು ಮನಸ್ಸಿನಲ್ಲೇ ಒಂದೆರಡನ್ನು ಅಂದುಕೊಂಡು ನೋಡಲಿ, ಬಹುಪಾಲು ಅಚ್ಚಗನ್ನಡ. ಕನ್ನಡದಲ್ಲಿ ಹೊಗಳುವ ಮಾತಿಲ್ಲವೇ? ಲೇಸು, ಸೊಗಸು, ಚೆಲುವು ಎಲ್ಲಾ ಇವೆ. ಸೊಗಸು ಮೈಸೂರಿನ ಅಗ್ರಹಾರಗಳಲ್ಲಿ ಉಳಿಯಿತು, ಲೇಸು ಗಾದೆಯೊಳಗೆ ಸೇರಿಕೊಂಡಿತು, ಚೆಲುವು ದೇವರ ಪಾಲಾಗಿ ಮೇಲುಕೋಟೆ ಬೆಟ್ಟ ಹತ್ತಿತು. ನನಗನ್ನಿಸುವುದು ಇಷ್ಟು: ತಾಯ್ನುಡಿಯಲ್ಲಿ ಹೊಗಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಅಂಜಿಕೆ ನಮ್ಮವರಿಗೆ. ನಿಜವಾದ ಹೊಗಳಿಕೆಗೆ ದೃಷ್ಟಿ ತಾಕುತ್ತದೆ. ಕೂಸು ಮುದ್ದಾಗಿದ್ದರೆ ಕೆನ್ನೆಗೆ ಕಪ್ಪು ಬೊಟ್ಟು, ಗದ್ದೆ ಹುಲುಸಾಗಿದ್ದರೆ ನಡುವೆ ಬೆರ್ಚಪ್ಪ, ಮನೆ ಚೆನ್ನಾಗಿ ಎದ್ದರೆ ಮುಂದೆ ಬೂದುಗುಂಬಳ. ಹಾಗಿರುವಾಗ ಬಾಯಿ ಮಾತ್ರ ಸುಮ್ಮನಿದ್ದೀತೆ? ಹೊರಗಿನಿಂದ ತಂದ ಮಾತಾದರೆ ದೃಷ್ಟಿದೇವತೆಗೆ ಅರ್ಥವಾಗಲಿಕ್ಕಿಲ್ಲ ಎಂಬ ಲೆಕ್ಕವೂ ಇದ್ದೀತು.

ಕಬ್ಬಿನ ಗದ್ದೆಯ ಬದುವಿನ ಮೇಲೆ ಇಬ್ಬರು ಎದುರಾದಾಗ ನಡೆಯುವ ಸಂಭಾಷಣೆ ಕೇಳಿ. ಕಬ್ಬು ಆಳೆತ್ತರ ದಾಟಿ ಬೆಳೆದಿದೆ. ಹೋಗುವವನು, ‘ಏನ್ ಗೌಡ್ರೇ, ಪರ್ವಾಗಿಲ್ವಲ್ಲ ಈ ಸಲ’ ಅನ್ನುತ್ತಾನೆ. ಗೌಡರು ತಕ್ಷಣ, ‘ಎಲ್ಲಿ ಪರ್ವಾಗಿಲ್ಲ, ಹಂದಿ ನುಗ್ಗಿ ಅರ್ಧ ತಿಂದು ಹಾಕವೆ. ಫ್ಯಾಕ್ಟ್ರಿಯೋರು ಯಾವಾಗ ಕಡೀತಾರೋ’ ಅನ್ನುತ್ತಾರೆ. ಹೊಗಳಿದವನೂ ಪೂರ್ತಿ ಹೊಗಳಲಿಲ್ಲ, ಹೊಗಳಿಸಿಕೊಂಡವನೂ ಒಪ್ಪಲಿಲ್ಲ. ಇಬ್ಬರಿಗೂ ಕಬ್ಬು ಚೆನ್ನಾಗಿದೆ ಎಂದು ಗೊತ್ತು. ಇದರ ಎದುರು ಬಾಡೂಟದ ಪಂಕ್ತಿ ಒಂದೇ ಧಾರಾಳದ ಜಾಗ. ನಾಟಿ ಕೋಳಿಗೂ ಕುರಿಗೂ ದೃಷ್ಟಿ ತಾಕಿದರೆ ಇನ್ನೇನು ಆಗಬೇಕಾಗಿದೆ? ಆದ್ದರಿಂದ ಅಲ್ಲಿ ಪಸಂದು ಧಾರೆಯಾಗಿ ಹರಿಯುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂದು ದೊಡ್ಡ ವಾದವೇ ಎದ್ದಿತ್ತು. ಬೇಡವೆಂದವರು ಕನ್ನಡದ ಒಂದು ಒಳ್ಳೆಯ ಮಾತು ಬಳಕೆಯಾಗುವ ಅವಕಾಶವನ್ನು ತಪ್ಪಿಸಿದರು ಎಂದು ಯಾರೂ ವಾದಿಸಲಿಲ್ಲ ಅನ್ನುವುದೊಂದೇ ನನ್ನ ಬೇಸರ.

ನಮ್ಮ ಊರುಗಳು ದೊಡ್ಡವರನ್ನೂ ಹೀಗೆಯೇ ನಡೆಸಿಕೊಂಡಿರಬೇಕು. ಲಲಿತ ಪ್ರಬಂಧವನ್ನು ಕನ್ನಡಕ್ಕೆ ಪಳಗಿಸಿದವರಲ್ಲಿ ಒಬ್ಬರಾದ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ್ದು ಅಕ್ಕಿಹೆಬ್ಬಾಳಿನಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಕಿಕ್ಕೇರಿಯಲ್ಲಿ. ಎರಡೂ ಕೆ.ಆರ್. ಪೇಟೆ ತಾಲ್ಲೂಕು. ಪು.ತಿ.ನ. ಮೇಲುಕೋಟೆಯವರು. ಬಿ.ಎಂ.ಶ್ರೀ. ಅವರ ಹೆಸರಿನ ‘ಬಿ’ ನಾಗಮಂಗಲದ ಬೆಳ್ಳೂರು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರದು ಅದೇ ತಾಲ್ಲೂಕಿನ ಹೆರಗನಹಳ್ಳಿ. ಇಷ್ಟು ಜನ ಇಷ್ಟು ಸಣ್ಣ ಸೀಮೆಯಿಂದ ಎದ್ದು ಬಂದಾಗ ಊರಿನ ಜಗುಲಿಯ ಮೇಲೆ ಕೂತವರು ಏನಂದಿರಬಹುದು? ‘ನಮ್ಮೂರ ಹುಡುಗ ಏನೋ ಬರ್ದವ್ನಂತೆ, ಪರ್ವಾಗಿಲ್ವಂತೆ’ ಎಂದಿದ್ದರೆ ಅದೇ ಜ್ಞಾನಪೀಠ.

ಕಲ್ಲು ಕೆತ್ತಿದವರು ಊರವರ ಹೊಗಳಿಕೆಯನ್ನು ಕಾಯಲಿಲ್ಲ. ಕೆ.ಆರ್. ಪೇಟೆಯ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ದೇವಾಲಯವಿದೆ, ಹೊಯ್ಸಳರ ಕಾಲದ್ದು. ಅಲ್ಲಿ ರೂವಾರಿ ಮಲ್ಲಿತಮ್ಮ ತನ್ನ ಹೆಸರನ್ನು ತಾನೇ ಕೆತ್ತಿಕೊಂಡಿದ್ದಾನೆ. ನೋಡುವ ಜನ ಪಸಂದು ಅನ್ನುವ ಹೊತ್ತಿಗೆ ತಾನು ಇರುವುದಿಲ್ಲ, ಇದ್ದರೂ ತನ್ನ ಎದುರಿಗೆ ಅನ್ನುವುದಿಲ್ಲ ಎಂದು ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆಯ ಆನೆ ಕುದುರೆಗಳ ಸಾಲಿನ ಮುಂದೆ ಒಮ್ಮೆ ಒಬ್ಬ ಮುದುಕರು ಬಹಳ ಹೊತ್ತು ನಿಂತಿದ್ದರು. ಹೊರಡುವಾಗ ಬಾಯಿ ಬಿಟ್ಟು, ‘ಪಸಂದಾಗಿ ಕೆತ್ತವ್ರೆ, ಕೂಲಿ ಏನ್ ಕೊಟ್ರೋ’ ಅಂದರು. ನಾನು ಓದಿದ ಕಲಾವಿಮರ್ಶೆಗಳಲ್ಲಿ ಎರಡನೆಯ ಪ್ರಶ್ನೆ ಕೇಳಿದವು ಕಡಿಮೆ.

ಈ ಮಾತಿಗೆ ಒಂದು ಕಹಿ ಮುಖವೂ ಇದೆ. ಮಗ ಹಾಲಿನ ಬಿಂದಿಗೆ ಕೆಡವಿದಾಗ ತಾಯಿ, ‘ಪಸಂದಾಗ್ ಮಾಡ್ದೆ ಕಣಪ್ಪ, ಬಾ’ ಅಂದರೆ ಹುಡುಗ ಹತ್ತಿರ ಹೋಗಬಾರದು. ಹೆಣ್ಣುಮಗಳೊಬ್ಬಳ ಬಗ್ಗೆ ಗಂಡಸರು ‘ಪಸಂದಾಗವ್ಳೆ’ ಅಂದರೆ ಅದರಲ್ಲಿ ಬೇರೆಯ ವಾಸನೆ ಹೊಡೆಯುತ್ತದೆ, ಹಿರಿಯರಿದ್ದರೆ ಗದರಿಸುತ್ತಾರೆ. ಹೆಣ್ಣು ನೋಡಿ ಬಂದವರು ಹಾಗಾಗಿ ‘ಲಕ್ಷಣವಾಗವಳೆ’ ಅನ್ನುತ್ತಾರೆ. ಮನುಷ್ಯರನ್ನು ಉಂಡು ನೋಡಿ ಹೇಳುವುದಕ್ಕಾಗುವುದಿಲ್ಲವಲ್ಲ.

ಈಗ ಕಾಲ ಬದಲಾಗಿದೆ, ಹೊಗಳಿಕೆಯನ್ನು ಎಣಿಸಿ ಕೇಳುತ್ತಾರೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳೆಲ್ಲ ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಓಡುತ್ತವೆ, ಹೋಟೆಲಿನವರಿಗೆ ಗಿರಾಕಿ ಹಿಡಿಯಲು ಮೊಬೈಲಿನ ನಕ್ಷತ್ರಗಳೇ ಗತಿ. ನಮ್ಮ ಸೋದರಮಾವ, ಅವರ ಮಗ ಮತ್ತು ನಾನು ಹಳೆಯ ರಸ್ತೆಯ ಮುದ್ದೆ ಹೋಟೆಲೊಂದಕ್ಕೆ ಹೋಗಿದ್ದೆವು. ಮಾವ ಎರಡು ಮುದ್ದೆ ಮುಗಿಸಿ, ಸಾರಿಗೆ ಇನ್ನೊಂದು ಸಲ ಲೋಟ ಒಡ್ಡಿ, ಕುಡಿದು, ಎಲೆಯನ್ನು ತೊಳೆದ ಹಾಗೆ ಮಾಡಿ ಎದ್ದರು. ಕೈ ತೊಳೆಯುವ ಜಾಗದಲ್ಲಿ ನನ್ನ ಕಿವಿಯ ಹತ್ತಿರ ಬಂದು, ‘ಏನ್ ಪಸಂದಾಗದೆ!’ ಅಂದರು. ಗಲ್ಲಾದ ಹತ್ತಿರ ಅವರ ಮಗ ಮೊಬೈಲ್ ಹಿಡಿದು ನಿಂತಿದ್ದ, ಹೋಟೆಲಿನವನು ಆಸೆಯಿಂದ ನೋಡುತ್ತಿದ್ದ.

‘ಅಪ್ಪಾ, ಎಷ್ಟು ಸ್ಟಾರ್ ಹಾಕ್ಲಿ?’

‘ಎಷ್ಟದೆ?’

‘ಐದು.’

‘ಮೂರು ಹಾಕು.’

‘ಅಯ್ಯೋ, ಅಷ್ಟ್ ಚೆನ್ನಾಗಿ ಉಂಡ್ಯಲ್ಲಪ್ಪಾ, ಮೂರೇನಾ?’

ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಹೋಟೆಲಿನವನಿಗೂ ಕೇಳಿಸುವ ಹಾಗೆ ಅಂದರು: ‘ಐದೂ ಕೊಟ್ಬುಟ್ರೆ ನಾಳಿಕ್ಕೆ ಸಾರಿಗೆ ನೀರ್ ಹುಯ್ತಾನೆ ಕಣ್ಲಾ. ಮೂರು ಹಾಕು, ಪರ್ವಾಗಿಲ್ಲ ಅಂತ ಬರಿ.’